ದಕ್ಷಿಣಕ್ಕೇ ಬಾಗಿಲು

ದಕ್ಷಿಣಕ್ಕೆ ಮುಖ ಮಾಡಿದ ಸೈಟೊಂದನ್ನು ಮಾರಿ ತೋರಿಸಿ, ಆಮೇಲೆ ನನಗೆ ರಿಯಲ್ ಎಸ್ಟೇಟಿನ ಪಾಠ ಹೇಳಿ. ಮಾರ್ಕೆಟ್ಟು, ಟ್ರೆಂಡು, ರಿಟರ್ನು ಎಂದು ಯಾರಾದರೂ ನನ್ನೆದುರು ಶುರು ಮಾಡಿದರೆ ನಾನು ಹೇಳುವುದು ಇಷ್ಟೇ. ಕೇಳಿ ಕೆಲವರು ನಗುತ್ತಾರೆ. ನಕ್ಕವರೆಲ್ಲ ತಮ್ಮ ಮನೆಯ ಬಾಗಿಲನ್ನು ಪೂರ್ವಕ್ಕೋ ಉತ್ತರಕ್ಕೋ ಇಟ್ಟುಕೊಂಡವರು.

ಹೊಳಲ್ಕೆರೆಯ ಹೊರಗೆ, ಚಿತ್ರದುರ್ಗದ ಕಡೆಗೆ ಹೋಗುವ ರಸ್ತೆಯ ಪಕ್ಕ ನಾವೊಂದು ಬಡಾವಣೆ ಮಾಡಿದ್ದೆವು. ನಾವು ಎಂದರೆ ನಾನು ಮತ್ತು ಅದೇ ಊರಿನ ಒಬ್ಬ ಅಡಿಕೆ ಮಂಡಿ ಸಾಹುಕಾರರು. ಬಂಡವಾಳದಲ್ಲಿ ಹೆಚ್ಚಿನ ಪಾಲು ಅವರದು, ಓಡಾಟವೆಲ್ಲ ನನ್ನದು. ಆಗ ನಾನು ಗಂಡ ಮತ್ತು ಅತ್ತೆಯ ಜೊತೆ ಚಿತ್ರದುರ್ಗದ ಹಳೇ ಪೇಟೆಯಲ್ಲಿದ್ದೆ. ಗಂಡನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ನಾನು ಬೇರೆಯವರ ಸೈಟು ತೋರಿಸಿ ಕಮಿಷನ್ ಪಡೆಯುತ್ತಿದ್ದವಳು. ಆ ದುಡ್ಡಿನಲ್ಲೇ ಪೂರ್ವದ ಬಾಗಿಲಿನ ಪುಟ್ಟ ಮನೆಯೊಂದನ್ನು ನನ್ನ ಹೆಸರಿಗೆ ಮಾಡಿಕೊಂಡಿದ್ದೆ. ಹೆಂಗಸೊಬ್ಬಳು ಲೇಔಟ್ ಮಾಡುತ್ತಾಳಂತೆ ಎಂದು ಆಡಿಕೊಂಡವರು ಬಹಳ ಜನ. ಆಡಿಕೊಳ್ಳಲಿ ಎಂದು ನಾನೂ ಬಿಟ್ಟೆ.

ನಾವು ಕೊಂಡ ಜಮೀನು ಪೂರ್ವ ಪಶ್ಚಿಮಕ್ಕೆ ಉದ್ದಕ್ಕೆ ಮಲಗಿತ್ತು, ಅಗಲ ಕಡಿಮೆ. ನಕ್ಷೆ ಬರೆಯುವವರು ಮೊದಲ ದಿನವೇ ಹೇಳಿದರು: "ಮೇಡಮ್, ರಸ್ತೆ ಉದ್ದಕ್ಕೆ ಎಳುದ್ರೆ ಸೈಟು ಜಾಸ್ತಿ ಬರ್ತವೆ. ಅಡ್ಡಡ್ಡ ಎಳುದ್ರೆ ಜಾಗ ಎಲ್ಲ ರಸ್ತೇಗೇ ಹೋಗ್ತೈತೆ ನೋಡ್ರಿ." ಉದ್ದಕ್ಕೇ ಎಳೆಸಿದೆವು. ಹಾಗೆ ಎಳೆದರೆ ರಸ್ತೆಯ ಒಂದು ಬದಿಯ ಸೈಟುಗಳೆಲ್ಲ ಉತ್ತರಕ್ಕೆ ಮುಖ ಮಾಡುತ್ತವೆ, ಎದುರು ಬದಿಯವೆಲ್ಲ ದಕ್ಷಿಣಕ್ಕೆ. ಭೂ ಪರಿವರ್ತನೆ, ಸರ್ವೆ, ಹದ್ದುಬಸ್ತು, ಯೋಜನಾ ಪ್ರಾಧಿಕಾರದ ಅನುಮೋದನೆ ಎಂದು ನನ್ನ ಎರಡು ಜೊತೆ ಚಪ್ಪಲಿ ಸವೆದವು. ಪ್ರಾಧಿಕಾರದವರು ಎಲ್ಲ ಸೈಟನ್ನೂ ಒಟ್ಟಿಗೆ ಮಾರಲು ಬಿಡುವುದಿಲ್ಲ. ಚರಂಡಿ, ಜಲ್ಲಿ ರಸ್ತೆ ಮುಗಿದರೆ ಒಂದಿಷ್ಟು ಬಿಡುಗಡೆ. ಬೋರ್‌ವೆಲ್, ನೀರಿನ ಟ್ಯಾಂಕು, ಕರೆಂಟು ಕಂಬ ನಿಂತರೆ ಇನ್ನೊಂದಿಷ್ಟು. ನಾವು ಎಲ್ಲವನ್ನೂ ಮಾಡಿಸಿದೆವು. ಅದರಲ್ಲಿ ಕಳ್ಳಾಟ ಮಾಡಲಿಲ್ಲ.

ಆಗ ಅಡಿಕೆಗೆ ಒಳ್ಳೆಯ ರೇಟಿತ್ತು. ನಮ್ಮ ಕಡೆ ಸೈಟಿನ ಬೆಲೆ ತಾನಾಗಿ ಏಳುವುದಿಲ್ಲ. ಮಂಡಿಯಲ್ಲಿ ಅಡಿಕೆ ಎದ್ದರೆ ಅದೂ ಏಳುತ್ತದೆ. ಜೊತೆಗೆ ಆ ರಸ್ತೆಗೇ ದೊಡ್ಡ ಕಾಲೇಜು ಬರುತ್ತದೆ ಎಂಬ ಸುದ್ದಿ. ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ನಾನಂತೂ ಹುಟ್ಟಿಸಲಿಲ್ಲ. ಆದರೆ ಯಾರಾದರೂ ಕೇಳಿದಾಗ ಇಲ್ಲ ಎಂದೂ ಹೇಳಲಿಲ್ಲ. ಭಾನುವಾರ ಶಾಮಿಯಾನ ಹಾಕಿಸಿ ಪಲಾವು ಹಂಚಿದರೆ ಜನವೋ ಜನ. ಬಂದವರು ಸುಣ್ಣದ ಗೆರೆ ನೋಡುತ್ತಿರಲಿಲ್ಲ, ಚರಂಡಿ ನೋಡುತ್ತಿರಲಿಲ್ಲ. ಸೈಟಿನ ನಡುವೆ ನಿಂತು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ತಾವೇ ಗಿರ್ರನೆ ಸುತ್ತುತ್ತಿದ್ದರು. ಉತ್ತರದವೆಲ್ಲ ಹುಣ್ಣಿಮೆ ಅಮಾವಾಸ್ಯೆ ಎನ್ನದೆ ಹೋದವು.

ದಕ್ಷಿಣದವನ್ನು ಕಡಿಮೆ ಬೆಲೆಗೆ ಅವರಿಗೇ ಜೋಡಿಸಿ ಕೊಡಬಹುದಿತ್ತು. ನಾನೇ ಆ ಮಾತು ಎತ್ತಿದೆ. ಸಾಹುಕಾರರು ಒಪ್ಪಲಿಲ್ಲ.

"ದಕ್ಷಿಣದವು ನಮ್ ಪಾಲಿಗೆ ಇರ್ಲಿ ಬಿಡಮ್ಮ. ಕಾಲೇಜ್ ಬಂದ್ ಮ್ಯಾಲೆ ದಿಕ್ಕು ಕೇಳೋರು ಯಾರು? ಆವಾಗ ನಾವ್ ಹೇಳಿದ್ದೇ ರೇಟು."

ನಾನೂ ಹೂಂ ಎಂದೆ. ನಮ್ಮ ಜಿಲ್ಲೆಯಲ್ಲಿ ಬಡಾವಣೆ ಮಾಡುವವರೆಲ್ಲ ಮಾಡುವುದು ಇದನ್ನೇ. ಬೇಡಿಕೆಯ ದಿಕ್ಕುಗಳನ್ನು ಮಾರಿ ಹಾಕಿದ ದುಡ್ಡು ಎತ್ತಿಕೊಳ್ಳುತ್ತಾರೆ. ಲಾಭವೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಕೂತಿರುತ್ತದೆ. ಒಳ್ಳೆಯ ಕಾಲದಲ್ಲಿ ಅದೂ ಕೈಗೆ ಬರುತ್ತದೆ. ಕೆಟ್ಟ ಕಾಲ ಬಂದರೆ ಏನಾಗುತ್ತದೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಕೊಂಡವರಲ್ಲಿ ಬಹುಪಾಲು ಜನ ಮನೆ ಕಟ್ಟಲು ಕೊಂಡವರಲ್ಲ. ಎರಡು ವರ್ಷ ಇಟ್ಟುಕೊಂಡು ಮಾರುವುದು ಅವರ ಲೆಕ್ಕ. ಕಟ್ಟಲೇಬೇಕು ಎಂದು ಕೊಂಡವರು ಒಬ್ಬರು ಬಸ್ ಕಂಡಕ್ಟರು. ಶ್ರೀರಾಂಪುರದವರು, ಹೊಸದುರ್ಗ ಹೊಳಲ್ಕೆರೆ ನಡುವೆ ಓಡುವ ಬಸ್ಸಿನಲ್ಲಿ ಇದ್ದವರು. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದಿದ್ದರು. ಅವರಿಗೆ ಇದ್ದದ್ದು ಅದೊಂದೇ ಸೈಟು. ರಜೆ ಸಿಕ್ಕ ದಿನ ಹೆಂಡತಿಯನ್ನು ಕರೆದುಕೊಂಡು ಬಂದು, ಇಲ್ಲಿ ಅಡುಗೆ ಮನೆ, ಇಲ್ಲಿ ತುಳಸಿ ಕಟ್ಟೆ ಎಂದು ಇಬ್ಬರೂ ಕಾಲಲ್ಲಿ ಗೆರೆ ಎಳೆಯುತ್ತಿದ್ದರು.

ಆಮೇಲೆ ಅಡಿಕೆ ಬಿತ್ತು. ಅದೇ ಹೊತ್ತಿಗೆ ಕಾಲೇಜು ಈ ಕಡೆಗಲ್ಲ, ಬೇರೆ ತಾಲೂಕಿಗೆ ಎಂಬುದು ಗಟ್ಟಿಯಾಯಿತು. ದಿನಕ್ಕೆ ಹತ್ತು ಸಲ ಹೊಡೆದುಕೊಳ್ಳುತ್ತಿದ್ದ ನನ್ನ ಫೋನು ತಣ್ಣಗಾಯಿತು. ಹೊಡೆದುಕೊಂಡರೂ ಅದು, "ಅಕ್ಕಾರೆ, ನಮ್ ಸೈಟು ತಿರುಗಿ ಮಾರ್ಸಿ ಕೊಡ್ರಿ" ಎನ್ನುವವರದು. ತಾಲೂಕಿನ ಎಲ್ಲ ಬಡಾವಣೆಗಳ ಗತಿಯೂ ಅದೇ ಆಯಿತು. ನಮ್ಮ ಜಲ್ಲಿ ರಸ್ತೆಯಲ್ಲಿ ಬಳ್ಳಾರಿ ಜಾಲಿ ಆಳೆತ್ತರಕ್ಕೆ ಬೆಳೆಯಿತು. ಗಡಿಗೆ ನೆಟ್ಟಿದ್ದ ಕಲ್ಲುಗಳನ್ನು ಯಾರೋ ಬಟ್ಟೆ ಒಗೆಯಲು ಹೊತ್ತುಕೊಂಡು ಹೋದರು. ಟ್ರಾನ್ಸ್‌ಫಾರ್ಮರನ್ನು ಕಂಬಕ್ಕೆ ಏರಿಸಿ ಆಗಿತ್ತು, ಅದಕ್ಕೆ ಕರೆಂಟು ಹರಿಸಿರಲಿಲ್ಲ. ಮನೆ ಇಲ್ಲದ ಕಡೆ ಯಾಕೆ ಕರೆಂಟು ಎಂದು ವಿದ್ಯುತ್ ಕಚೇರಿಯವರು, ಕರೆಂಟು ಇಲ್ಲದ ಕಡೆ ಯಾಕೆ ಮನೆ ಎಂದು ಸೈಟಿನವರು.

ಆ ಹೊತ್ತಿನಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಹೊರಗಿನವನೊಬ್ಬ ಸಾಹುಕಾರರ ಹತ್ತಿರ ಬಂದ. ಅವನಿಗೆ ಲಾರಿ ತಿರುಗಿಸಲು, ಇಟ್ಟಿಗೆ ಒಣಗಿಸಲು ಇಡೀ ಜಮೀನು ಬೇಕು. ಅದಕ್ಕೆ ಬಡಾವಣೆಯ ನಕ್ಷೆ ರದ್ದಾಗಬೇಕು; ರದ್ದಾಗಲು ಸೈಟು ಕೊಂಡವರೆಲ್ಲರ ಸಹಿ ಬೇಕು, ನನ್ನದೂ ಬೇಕು. ಸಾಹುಕಾರರು ಸಹಿ ಮಾಡಿಸಲು ಹೊರಟೇ ಬಿಟ್ಟರು. ಹಾಕಿದ್ದರಲ್ಲಿ ಅರ್ಧವಾದರೂ ಬರಲಿ ಎಂದು ಒಬ್ಬೊಬ್ಬರೇ ಬರೆದುಕೊಟ್ಟರು. ಕಂಡಕ್ಟರು ಮಾತ್ರ ಸಹಿ ಮಾಡದೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ನನ್ನ ಮನೆಗೆ ಬಂದರು.

"ಅಕ್ಕಾರೆ, ಅರ್ಧ ರೊಕ್ಕ ಇಸ್ಕಂಡು ನಾನ್ ಎಲ್ಲಿ ಹೋಗ್ಲಿ? ಇನ್ನೊಂದ್ ಸೈಟು ಈ ಜಲ್ಮದಾಗೆ ತಗಳಾಕಾಗಲ್ಲ. ನಿಮ್ ಮಕ ನೋಡಿ ತಗಂಡಿದ್ದು ನಾನು."

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಇಟ್ಟಿಗೆಯವನ ಮೇಲೆ, ಸಾಹುಕಾರರ ಮೇಲೆ, ನನ್ನ ಮೇಲೆ. ಸಂಜೆಯ ಬಸ್ಸಿಗೇ ಹೊಳಲ್ಕೆರೆಗೆ ಹೋದೆ. ಸಾಹುಕಾರರು ಮಂಡಿಯಲ್ಲಿ ಅಡಿಕೆ ಚೀಲಗಳ ನಡುವೆ ಕೂತಿದ್ದರು.

"ಬಾರಮ್ಮ, ಕುಂತ್ಕ. ಸಹಿ ಹಾಕಾಕ್ ಬಂದ್ಯಾ?"

"ಇಲ್ಲ. ನಾನು ಹಾಕಂಗಿಲ್ಲ ಅಂತ ಹೇಳಾಕ್ ಬಂದೆ."

"ಹುಚ್ಚಿ ಹಂಗೆ ಆಡ್ಬೇಡ. ಅಲ್ಲಿ ಏನೈತೆ? ಜಾಲಿ ಐತೆ, ಹಾವೈತೆ. ಒಂದ್ ಮನೆ ಎದ್ದೈತಾ? ಯಾವನಾದ್ರೂ ಒಬ್ಬ ಒಲೆ ಹಚ್ಚವ್ನಾ?"

"ಒಬ್ರು ಹಚ್ಚಿದ್ರೆ?"

ಅವರು ನಕ್ಕರು. ಆಮೇಲೆ ಏನನಿಸಿತೋ, "ಆಯ್ತು. ಯುಗಾದಿ ಒಳಗೆ ಒಂದೇ ಒಂದ್ ಮನೆ ಏಳ್ಲಿ, ಒಲೆ ಉರೀಲಿ. ನಾನು ಇಟ್ಟಿಗೆಯವ್ನಿಗೆ ಇಲ್ಲ ಅಂತೀನಿ. ಏಳ್ಲಿಲ್ಲ ಅಂದ್ರೆ ನೀನು ಬಾಯ್ ಮುಚ್ಕಂಡು ಸಹಿ ಹಾಕ್ಬೇಕು," ಎಂದರು. ಮಾತಿಗೆ ತಪ್ಪುವವರಲ್ಲ ಅವರು, ಅದು ನನಗೆ ಗೊತ್ತಿತ್ತು. ನಾನು ಒಪ್ಪಿಕೊಂಡು ಬಂದೆ.

ಸೈಟು ಕೊಂಡಿದ್ದವರ ಮನೆ ಮನೆ ಸುತ್ತಿದೆ. ಮೊದಲು ಕಟ್ಟುವವರಿಗೆ ಬೋರ್‌ವೆಲ್ ನೀರು ಬಿಟ್ಟಿ, ಕಾಂಪೌಂಡು ನಾನೇ ಕಟ್ಟಿಸಿಕೊಡುತ್ತೇನೆ ಎಂದೆ. ಒಬ್ಬರೂ ಆಗುವುದಿಲ್ಲ ಎನ್ನಲಿಲ್ಲ, ಅದೇ ನೋಡಿ ತಮಾಷೆ. ಎಲ್ಲರದೂ ಒಂದೇ ಮಾತು: "ಬೇರೆ ಯಾರಾದ್ರೂ ಒಬ್ರು ಕಟ್ಲಿ ಅಕ್ಕಾರೆ, ಹಿಂದೇನೇ ನಾವೂ ಕಟ್ತೀವಿ." ಕಂಡಕ್ಟರಿಗೆ ಕಟ್ಟುವ ಮನಸ್ಸಿತ್ತು, ಆದರೆ ಇಟ್ಟಿಗೆ ಫ್ಯಾಕ್ಟರಿಯಾಗುವ ಜಾಗಕ್ಕೆ ಬ್ಯಾಂಕಿನವರು ಸಾಲ ಕೊಡಲು ತಯಾರಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಇನ್ನೊಬ್ಬರ ಬಾಗಿಲು ಬಡಿಯುವುದು ಸಾಕು, ನಾನೇ ಕಟ್ಟುತ್ತೇನೆ. ನನ್ನ ಪಾಲಿಗೆ ಉಳಿದದ್ದು ದಕ್ಷಿಣದ ಸೈಟುಗಳು ಮಾತ್ರ, ಹಾಗಾಗಿ ದಕ್ಷಿಣಕ್ಕೇ ಕಟ್ಟುತ್ತೇನೆ. ಅದಕ್ಕೆ ದುಡ್ಡು ಬೇಕು, ಚಿತ್ರದುರ್ಗದ ಮನೆ ಮಾರುತ್ತೇನೆ. ಎಲ್ಲ ಬಿದ್ದಿದ್ದ ಆ ಕಾಲದಲ್ಲೂ ಪೇಟೆಯೊಳಗಿನ ಪೂರ್ವದ ಬಾಗಿಲಿಗೆ ಗಿರಾಕಿಗಳಿದ್ದರು.

ಮನೆಯಲ್ಲಿ ಹೇಳಿದಾಗ ಗಂಡ ತಟ್ಟೆಯಲ್ಲಿದ್ದ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಲೇ, ನಿಂಗೇನ್ ತಲೆಗಿಲೆ ಕೆಟ್ಟೈತಾ? ಇರೋ ಮನೆ ಮಾರಿ ಆ ಜಾಲಿ ಕಾಡ್ನಾಗೆ ಹೋಗಿ ಕೂರಾಣ ಅಂತೀಯಲ್ಲ!"

"ನಾನ್ ಕೂರ್ದೆ ಬೇರೆಯವ್ರನ್ನ ಕೂರ್ರಿ ಅಂದ್ರೆ ಯಾರ್ ಕೂರ್ತಾರ್ರೀ?"

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಬಾಗ್ಲು ಎತ್ಲಾಗೆ?" ದಕ್ಷಿಣಕ್ಕೆ ಎಂದೆ. "ಯಮನ ದಿಕ್ಕಿಗೆ ಬಾಗ್ಲಿಟ್ಟು ನನ್ ಮಗನ್ನ ಅಲ್ಲಿ ಇಡ್ತೀಯಾ? ನಾನು ಆ ಹೊಸ್ತ್ಲು ತುಳಿಯಂಗಿಲ್ಲ," ಎಂದವರೇ ಮರುದಿನ ಹೊರಕೆರೆದೇವಪುರದ ಮಗಳ ಮನೆಗೆ ಹೊರಟು ನಿಂತರು. ಬಸ್ ನಿಲ್ದಾಣದವರೆಗೆ ನಾನೇ ಬ್ಯಾಗು ಹೊತ್ತುಕೊಂಡು ಹೋದೆ. ಗಂಡ ಒಂದು ವಾರ ಮುಖ ಊದಿಸಿಕೊಂಡು ಓಡಾಡಿದರು. ಆಮೇಲೆ ಬೋರ್‌ವೆಲ್ಲಿನ ಮೋಟಾರು ಯಾವುದು ಇಳಿಸಿದ್ದೀರಿ ಎಂದು ಕೇಳಿದರು. ಅದು ಅವರ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ. ಮನೆ ಮಾರಿ, ಹೊಸದು ಏಳುವವರೆಗೆ ಹೊಳಲ್ಕೆರೆಯಲ್ಲೊಂದು ಬಾಡಿಗೆ ಕೋಣೆ ಹಿಡಿದೆವು.

ಮೇಸ್ತ್ರಿ ಹೊಳಲ್ಕೆರೆಯವರೇ, ಕೈಕೆಲಸ ಚೆನ್ನಾಗಿತ್ತು. ಪಾಯ ತೋಡಿದರು, ಗೋಡೆ ಎಬ್ಬಿಸಿದರು. ಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಮಾತ್ರ ಕರಣೆ ಕೆಳಗಿಟ್ಟು ತಲೆ ಕೆರೆದುಕೊಂಡರು.

"ಅಕ್ಕಾರೆ, ಒಂದ್ ಮಾತು. ಗೇಟು ದಕ್ಷಿಣಕ್ಕಿರ್ಲಿ, ಅದು ರಸ್ತೆ ಕಡೀಗೆ ಇರ್ಲೇಬೇಕು. ಬಾಗ್ಲು ಮಾತ್ರ ಪಕ್ಕಕ್ಕೆ ತಿರುಗ್ಸಿ ಪೂರ್ವಕ್ಕೆ ಇಡಾಣ. ಸಂದಿನಾಗೆ ಮೂರಡಿ ಜಾಗ ಬಿಟ್ರೆ ಆತು. ಎಲ್ಲಾರೂ ಹಂಗೇ ಮಾಡ್ತಾರೆ."

ನಿಜ, ಎಲ್ಲರೂ ಹಾಗೇ ಮಾಡುತ್ತಾರೆ. ನಮ್ಮ ಯಾವ ಊರಿಗೆ ಹೋದರೂ ದಕ್ಷಿಣದ ಸೈಟಿನ ಮನೆಗಳು ರಸ್ತೆಗೆ ಕಿಟಕಿ ತೋರಿಸಿ, ಬಾಗಿಲನ್ನು ಸಂದಿಯೊಳಗೆ ಬಚ್ಚಿಟ್ಟುಕೊಂಡಿರುತ್ತವೆ. ಬಂದ ನೆಂಟರು ಗೋಡೆಗೆ ಮೈ ಉಜ್ಜಿಕೊಂಡು ಅಡ್ಡಡ್ಡ ನಡೆದು ಒಳಗೆ ಹೋಗಬೇಕು. ಮೂರಡಿ ಜಾಗ ಹೋಗುತ್ತದೆ, ಒಂದು ಕೋಣೆ ಕಿರಿದಾಗುತ್ತದೆ, ಆದರೂ ಮನಸ್ಸಿಗೆ ಸಮಾಧಾನ ಎನ್ನುತ್ತಾರೆ. ನನಗೂ ಒಂದು ಕ್ಷಣ ಆಸೆಯಾಯಿತು. ಅತ್ತೆ ಬರುತ್ತಾರೆ, ಗಂಡನ ಮುಖ ಸರಿಹೋಗುತ್ತದೆ, ಜಗಳ ಮುಗಿಯುತ್ತದೆ. ಆದರೆ ಆ ಸಾಲಿನಲ್ಲಿ ಉಳಿದ ಸೈಟುಗಳನ್ನು ನಾಳೆ ನಾನು ಯಾರಿಗೆ ಯಾವ ಬಾಯಲ್ಲಿ ತೋರಿಸಲಿ? ದಕ್ಷಿಣಕ್ಕೆ ಏನೂ ಆಗುವುದಿಲ್ಲ ಎಂದು ಹೇಳಿ, ನಾನೇ ಸಂದಿಯಲ್ಲಿ ಕಳ್ಳ ಬಾಗಿಲು ಇಟ್ಟುಕೊಂಡರೆ ನಂಬುವವರು ಯಾರು?

"ಮೇಸ್ತ್ರಿಯೋರೆ, ರಸ್ತೆಗೇ ಇಡ್ರಿ. ನಟ್ಟ ನಡುವಿಗೆ. ಜೋಡಿ ಬಾಗ್ಲು ಹಾಕಾಣ, ದೂರದಿಂದ್ಲೇ ಕಾಣ್ಬೇಕು."

"ನನ್ ಕೈಲಿ ಇಡಾಕಾಗಲ್ರಿ. ನಾಳೆ ಏನಾರ ಆದ್ರೆ ನನ್ನ ಅಂತಾರೆ ಜನ," ಎಂದು ಸಾಮಾನು ಕಟ್ಟಿಕೊಂಡು ಹೊರಟರು. ನಾಲ್ಕು ಜನ ಮೇಸ್ತ್ರಿಗಳನ್ನು ಕೇಳಿದೆ, ಯಾರೂ ಬರಲಿಲ್ಲ. ಕೊನೆಗೆ ನಾನೂ ಗಂಡನೂ ಸೇರಿ ಚೌಕಟ್ಟು ಎತ್ತಿ ನಿಲ್ಲಿಸಿದೆವು. ತೂಗುಗುಂಡು ಬಿಟ್ಟು ನೇರ ನೋಡಿದ್ದು ಅವರು, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದ್ದು ನಾನು. ಚೌಕಟ್ಟು ನಿಂತ ಮೇಲೆ ಅದೇ ಮೇಸ್ತ್ರಿ ಬಂದು ಉಳಿದ ಕೆಲಸ ಹಿಡಿದರು. ನಿಂತ ಬಾಗಿಲಿಗೆ ಗಾರೆ ಮಾಡಿದರೆ ದೋಷ ಇಲ್ಲವಂತೆ! ನಕ್ಕು ಸುಮ್ಮನಾದೆ, ಯುಗಾದಿ ಹತ್ತಿರ ಬರುತ್ತಿತ್ತು.

ಆಮೇಲೆ ಕರೆಂಟು. ವಿದ್ಯುತ್ ಕಚೇರಿಯ ಇಂಜಿನಿಯರು ಕೆಟ್ಟವರಲ್ಲ. ಅವರ ಕಷ್ಟವನ್ನು ಬಿಡಿಸಿ ಹೇಳಿದರು: "ನೋಡಮ್ಮ, ಒಂದ್ ಮನೇಗೆ ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡಿ ಬಿಟ್ರೆ ಕಳ್ರು ಆಯಿಲ್ಲು, ತಾಮ್ರ ಎರಡೂ ಎತ್ಕಂಡು ಹೋಗ್ತಾರೆ. ಆಮೇಲೆ ನಾನ್ ಉತ್ರ ಕೊಡ್ಬೇಕು."

"ಚಾರ್ಜ್ ಮಾಡ್ದೆ ಬಿಟ್ರೂ ಕದೀತಾರಲ್ಲ ಸರ್? ನಾನು ಅದ್ರ ಕೆಳಗೇ ಇರ್ತೀನಿ, ಕಾಯ್ತೀನಿ. ನಮ್ ಯಜಮಾನ್ರು ಮೋಟಾರ್ ಕೆಲ್ಸದೋರು, ಸದ್ದು ಸ್ವಲ್ಪ ಬ್ಯಾರೆ ಆದ್ರೂ ಎದ್ದು ಕೂರ್ತಾರೆ."

ಅರ್ಜಿ ಕೊಟ್ಟು, ಪರಿಶೀಲನೆಗೆ ಬರುವವರನ್ನು ಕಾದು, ಬಂದವರು ಅರ್ತಿಂಗ್ ಸರಿ ಇಲ್ಲ ಎಂದಾಗ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಮತ್ತೆ ತುಂಬಿಸಿ, ಆ ಕಚೇರಿಯ ಬೆಂಚಿನ ಮೇಲೆ ನಾನು ಎಷ್ಟು ಸಲ ಕೂತೆನೋ. ಕೊನೆಗೆ ಒಂದು ಮಧ್ಯಾಹ್ನ ಲೈನ್‌ಮನ್ ಬಂದು ಕಂಬ ಹತ್ತಿದರು. ಟ್ರಾನ್ಸ್‌ಫಾರ್ಮರು ಗುಂಯ್ ಎಂದಿತು. ನಾನು ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ.

ಇನ್ನೇನು ಗೃಹಪ್ರವೇಶಕ್ಕೆ ದಿನ ನೋಡಬೇಕು, ಅಷ್ಟರಲ್ಲಿ ಗಂಡ ಬಿದ್ದರು. ಟ್ಯಾಂಕಿಗೆ ನೀರು ಏರುತ್ತಿದೆಯಾ ನೋಡಲು ಹೋಗುವಾಗ ಮನೆಯ ಮುಂದಿನ ಚರಂಡಿಯ ಚಪ್ಪಡಿ ಕಾಲಡಿಯಲ್ಲಿ ವಾಲಿ, ಪಾದದ ಹತ್ತಿರ ಮೂಳೆ ಮುರಿಯಿತು. ಸುದ್ದಿ ನಮಗಿಂತ ಮೊದಲು ಹೊಳಲ್ಕೆರೆ ಪೇಟೆ ಮುಟ್ಟಿತ್ತು. ಎಲ್ಲರ ಬಾಯಲ್ಲೂ ಒಂದೇ: ದಕ್ಷಿಣದ ಬಾಗಿಲು, ಒಳಗೆ ಕಾಲಿಡುವ ಮೊದಲೇ ಬಲಿ ಕೇಳಿತು.

ಆಸ್ಪತ್ರೆಗೆ ಮೊದಲು ಬಂದವರು ಕಂಡಕ್ಟರು. ಹಣ್ಣು ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕಾರೆ, ನಮ್ ಮನೆಯೋಳು ಹೆದ್ರಿಕಂಡವ್ಳೆ. ನಿಮ್ ಬಾಗ್ಲು ಸೀದಾ ನಮ್ ಸೈಟಿಗೇ ನೋಡ್ತೈತಲ್ಲ... ನಾನೂ ಸಹಿ ಹಾಕ್ಬಿಡ್ಲಾ?"

ಇವರು ಹೋದರೆ ಮುಗಿಯಿತು. ಇವರಿಗಾಗಿಯೇ ಅಲ್ಲವೇ ನಾನು ಮನೆ ಮಾರಿದ್ದು? ಅಷ್ಟರಲ್ಲೇ ಸಾಹುಕಾರರೂ ಬಂದರು. ಗಂಡನ ಕಾಲು ನೋಡಿ ನಿಜವಾಗಿಯೂ ನೊಂದುಕೊಂಡರು. ಆಮೇಲೆ ಮೆಲ್ಲಗೆ, "ಇನ್ನಾದ್ರೂ ಬಿಡಮ್ಮ. ದಿಕ್ಕು ಸುಮ್ನೆ ಹೇಳಿಲ್ಲ ಹಿರೇರು. ಹಟ ಮಾಡಿ ಗಂಡನ ಕಾಲು ಕಳ್ದೆ," ಎಂದರು.

"ಯಾರ್ರೀ ಅದು ಕಾಲು ಕಳ್ದೋರು?"

ಬಾಗಿಲಲ್ಲಿ ನಮ್ಮ ಅತ್ತೆ ನಿಂತಿದ್ದರು. ಮಗ ಬಿದ್ದ ಸುದ್ದಿ ಕೇಳಿ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ನೇರ ಆಸ್ಪತ್ರೆಗಲ್ಲ, ಮೊದಲು ಬಡಾವಣೆಗೆ ಹೋಗಿ ನೋಡಿಕೊಂಡು ಬಂದಿದ್ದರು. ನನಗೆ ಇನ್ನು ಮಂಗಳಾರತಿ ಖಂಡಿತ ಎಂದುಕೊಂಡೆ.

"ನಾನು ನೋಡ್ಕಂಡೇ ಬಂದೀನಿ. ನನ್ ಮಗ ಬಿದ್ದಿದ್ದು ಬಾಗ್ಲಾಗಲ್ಲ, ಚರಂಡ್ಯಾಗೆ. ಆ ಚಪ್ಪಡಿ ತುದಿ ಬರೇ ಮಣ್ಣಿನ ಮ್ಯಾಲೆ ಕುಂತೈತೆ. ಚರಂಡಿ ಕಟ್ಸಿದ್ದು ನೀವಿಬ್ರೂ. ಅದಕ್ಕೆ ಯಮ ಏನ್ ಮಾಡ್ತಾನೆ?"

"ಅಲ್ಲಮ್ಮ, ನೀವೇ ಹೊಸ್ತ್ಲು ತುಳಿಯಂಗಿಲ್ಲ ಅಂತ..."

"ನಮ್ ಮನೆ ಬಾಗ್ಲಿಗೆ ನಾನ್ ಅಂತೀನಿ. ನಾನ್ ಅನ್ಬೋದು. ನೀವ್ಯಾರ್ರೀ ಅನ್ನಾಕೆ?"

ಹಾಸಿಗೆಯ ಮೇಲೆ ಗಂಡ ನೋವಿನಲ್ಲೂ ಕಿಸಕ್ಕೆಂದು ನಕ್ಕರು. ಅತ್ತೆ ನನ್ನ ಕಡೆ ತಿರುಗಿ, "ನಿಂಗೂ ಐತೆ, ಆಮೇಲೆ. ಮೊದ್ಲು ಆ ಚಪ್ಪಡಿ ಸರಿ ಮಾಡ್ಸು," ಎಂದರು. ಕಂಡಕ್ಟರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಸಹಿ ಹಾಕುತ್ತಾರೋ ಇಲ್ಲವೋ ಕೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನದಿಂದ ಬಡಾವಣೆಯ ಒಂದೊಂದು ಚಪ್ಪಡಿಯನ್ನೂ ಎಬ್ಬಿಸಿದೆ. ಸುಮಾರು ಕಡೆ ಅಂಚಿಗೆ ಕಾಂಕ್ರೀಟೇ ಇರಲಿಲ್ಲ. ಗುತ್ತಿಗೆ ಹಿಡಿದವನನ್ನು ಕರೆಸಿ ಅವನ ಎದುರೇ ಒಂದೊಂದನ್ನೂ ಮೆಟ್ಟಿ ತೋರಿಸಿ, ಅವನ ಖರ್ಚಿನಲ್ಲೇ ಕೂರಿಸಿದೆ. ಹೊಸ ಚಪ್ಪಡಿಗಳ ಮೇಲೆ ನಾನು ಕುಣಿದು ನೋಡುತ್ತಿದ್ದಾಗ ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದೇ ಇನ್ನೆರಡು ಸಲ ಕುಣಿದೆ.

ಯುಗಾದಿಗೆ ಮುಂಚಿನ ಗುರುವಾರ ಗೃಹಪ್ರವೇಶ. ಸಾಹುಕಾರರು ತಮ್ಮ ಕಾರಿನಲ್ಲಿ ಬಂದರು, ಒಲೆ ಉರಿಯುತ್ತದೆಯೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತಲ್ಲ. ಸೈಟು ಕೊಂಡವರೂ ಬಂದಿದ್ದರು, ಊಟಕ್ಕೋ ತಮಾಷೆಗೋ ತಿಳಿಯದು. ಪದ್ಧತಿಯಂತೆ ಮೊದಲು ಹಸು ಒಳಗೆ ಹೋಗಬೇಕು. ಪಕ್ಕದ ಹಳ್ಳಿಯಿಂದ ಹಸು, ಕರು ತರಿಸಿದ್ದೆ. ಕೊಂಬಿಗೆ ಹೂವು ಕಟ್ಟಿ, ಬೆನ್ನಿಗೆ ರವಿಕೆ ಕಣ ಹಾಕಿ ಹೊಸ್ತಿಲಿಗೆ ತಂದು ನಿಲ್ಲಿಸಿದೆವು. ಹಸು ಮುಂಗಾಲು ಎತ್ತಿತು, ಇಳಿಸಿತು. ಹಿಂದಕ್ಕೆ ಜಗ್ಗಿತು. ಹಗ್ಗ ಎಳೆದರೂ ಬರಲಿಲ್ಲ, ಹಿಂದಿನಿಂದ ತಳ್ಳಿದರೂ ಬರಲಿಲ್ಲ.

"ಮೂಕ ಪ್ರಾಣೀಗೆ ಗೊತ್ತಾಗ್ತೈತೆ," ಎಂದು ಯಾರೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ನಾನು ಕಳಶ ಹಿಡಿದು ಹಸುವಿನ ಪಕ್ಕದಲ್ಲೇ ನಿಂತಿದ್ದೆ. ಇಷ್ಟೆಲ್ಲ ಮಾಡಿ, ಒಂದು ಹಸುವಿನ ಕಾಲ ಕೆಳಗೆ ಎಲ್ಲ ಹೋಗುತ್ತದಲ್ಲ ಶಿವನೇ ಎಂದುಕೊಂಡೆ.

ಆಗ ಸಾಹುಕಾರರೇ ಸಿಡಿಮಿಡಿಗೊಂಡು ಮುಂದೆ ಬಂದರು. "ಏನ್ರಪ್ಪ, ಮನೇಲಿ ದನ ಕಟ್ಟಿಲ್ಲೇನು ನೀವ್ಯಾರೂ? ಈ ಪಳಪಳ ಟೈಲ್ಸ್ ಮ್ಯಾಲೆ ನಾನೇ ಕಾಲಿಡಾಕೆ ಹೆದರ್ತೀನಿ. ಗೊರಸು ಜಾರ್ತೈತೆ, ಅದಕ್ಕೆ ಬರ್ತಿಲ್ಲ ಅದು." ಕಾರಿನ ಡಿಕ್ಕಿ ತೆಗೆದು ಅಡಿಕೆಯ ಖಾಲಿ ಗೋಣಿಚೀಲಗಳನ್ನು ತಂದು ಹೊಸ್ತಿಲಿನಿಂದ ನಡುಮನೆಯವರೆಗೆ ತಾವೇ ಬಗ್ಗಿ ಹಾಸಿದರು. ಹಗ್ಗ ಕೈಗೆ ತೆಗೆದುಕೊಂಡು "ಬಾರವ್ವ" ಎಂದರು. ಹಸು ಗೋಣಿಯನ್ನು ಮೂಸಿತು. ಆಮೇಲೆ ಟಕ ಟಕ ನಡೆದು ಸೀದಾ ಅಡುಗೆ ಮನೆಗೇ ಹೋಯಿತು, ಕರು ಅದರ ಹಿಂದೆ.

ನಡುಮನೆಯಲ್ಲಿ ಹಗ್ಗ ಹಿಡಿದು ನಿಂತ ಮೇಲೆ ಸಾಹುಕಾರರಿಗೆ ತಾವು ಏನು ಮಾಡಿದೆವೆಂಬುದು ಹೊಳೆಯಿತು. ನನ್ನ ಮುಖ ನೋಡಿದರು. ನಾನು ನಗು ತಡೆದುಕೊಳ್ಳಲು ಸೆರಗು ಕಚ್ಚಿಕೊಂಡಿದ್ದೆ. ಅತ್ತೆ ನನ್ನ ಕೈಯಿಂದ ಕಳಶ ಕಿತ್ತುಕೊಂಡು ಬಲಗಾಲಿಟ್ಟು ಒಳಗೆ ಹೋದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಗಂಡನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದವರಲ್ಲಿ ಕಂಡಕ್ಟರೂ ಒಬ್ಬರು. ಹಾಲು ಉಕ್ಕಿತು. ಉಕ್ಕಿದ್ದನ್ನು ನೋಡಲು ಒಳಗೆ ಬಂದ ಕಂಡಕ್ಟರ ಹೆಂಡತಿ ವಾಪಸು ಬಾಗಿಲಿಗೆ ಬಂದು, ಎದುರಿನ ತಮ್ಮ ಸೈಟನ್ನು ಬಹಳ ಹೊತ್ತು ನೋಡುತ್ತಾ ನಿಂತರು.

"ನಾವು ಇಲ್ಲಿಂದ ನೋಡಿರ್ಲೇ ಇಲ್ಲ," ಎಂದರು ಗಂಡನಿಗೆ. "ಚಂದ ಕಾಣ್ತೈತೆ."

ಸಾಹುಕಾರರು ಇಟ್ಟಿಗೆಯವನಿಗೆ ಇಲ್ಲ ಎಂದರು. ಬ್ಯಾಂಕಿನ ಅಡ್ಡಿಯೂ ಅಲ್ಲಿಗೆ ಕಳೆಯಿತು. ಕಂಡಕ್ಟರು ಅದೇ ವರ್ಷ ಪಾಯ ಹಾಕಿದರು, ಅವರ ಹಿಂದೆ ಇನ್ನಿಬ್ಬರು. ನನ್ನ ಸಾಲಿಗೆ ಜನ ಬಂದದ್ದು ನಿಧಾನಕ್ಕೆ. ಮೊದಲು ಬಂದವರು ಒಬ್ಬ ಮುಸ್ಲಿಂ ಮೆಕ್ಯಾನಿಕ್, ಆಮೇಲೆ ಬೇರೆ ಬೇರೆ ಜಾತಿಯಲ್ಲಿ ಹುಟ್ಟಿ ಮದುವೆಯಾಗಿದ್ದ ಮೇಷ್ಟರ ಜೋಡಿ, ಆಮೇಲೆ ಒಬ್ಬ ನರ್ಸಮ್ಮ. ಊರೊಳಗೆ ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ, ಜಾತಿ ಕೇಳಿ ವಾಪಸು ಕಳಿಸಿದ್ದು ಇವರನ್ನೇ. ಅವರು ಯಾರೂ ಮೊಬೈಲು ತೆರೆದು ದಿಕ್ಕು ನೋಡಲಿಲ್ಲ. ನಾನು ಕೂಡ ಅವರಿಗೆ ಹೆಸರು ಬಿಟ್ಟು ಇನ್ನೇನೂ ಕೇಳಲಿಲ್ಲ. ಅವರೆಲ್ಲರ ಬಾಗಿಲೂ ರಸ್ತೆಗೇ ಇದೆ, ನಟ್ಟ ನಡುವೆ.

ಕಾಲೇಜು ಬರಲೇ ಇಲ್ಲ. ಅಡಿಕೆ ಮತ್ತೆ ಎದ್ದಿತು, ಅದರ ಜೊತೆ ಸೈಟಿನ ರೇಟೂ. ಸಂಜೆ ನಮ್ಮ ರಸ್ತೆಯಲ್ಲಿ ಈಗ ಗಾಡಿ ನಿಲ್ಲಿಸಲು ಜಾಗಕ್ಕೆ ಜಗಳವಾಗುತ್ತದೆ. ಜಗಳ ಬಿಡಿಸಲು ಹೋಗುವವಳೂ ನಾನೇ, ಎಷ್ಟೋ ಸಲ ಶುರು ಮಾಡುವವಳೂ ನಾನೇ.

ಹೋದ ತಿಂಗಳು ಸಾಹುಕಾರರು ಮನೆಗೆ ಬಂದರು. ಹಿರಿಯೂರಿನಲ್ಲಿ ಹೈವೇ ಪಕ್ಕ ಒಂದು ಹೊಲ ಬಂದಿದೆ, ದೊಡ್ಡ ಫ್ಯಾಕ್ಟರಿ ಬರುವ ಸುದ್ದಿಯಿದೆ, ಇಬ್ಬರೂ ಸೇರಿ ಮಾಡೋಣ ಎಂದರು. ಅವರ ಕಣ್ಣಲ್ಲಿ ಹಳೆಯ ಹೊಳಪಿತ್ತು. ಅತ್ತೆ ಕಾಫಿ ತಂದುಕೊಟ್ಟರು.

"ಮಾಡಾಣ," ಎಂದೆ. "ನಂದು ಒಂದೇ ಷರತ್ತು. ಮೊದಲ್ನೇ ಮನೆ ನಿಮ್ದು. ನೀವು ಅಲ್ಲಿ ಹೋಗಿ ಹಾಲು ಉಕ್ಕಿಸ್ರಿ, ವಾಸ ಮಾಡ್ರಿ. ಆಮೇಲೆ ಶಾಮಿಯಾನ ಹಾಕಾಣ."

"ಅದಕ್ಕೇನಮ್ಮ? ಕಟ್ಟಿದ್ರಾತು. ಯಾವ್ ದಿಕ್ಕಿನ ಸೈಟು?"

"ಯಾರಿಗೂ ಬೇಡಾಗಿ ಉಳೀತೈತಲ್ಲ, ಅದು."

ಕಾಫಿ ಲೋಟ ಕೆಳಗಿಟ್ಟು, ನೋಡಾಣ ಎಂದು ಎದ್ದು ಹೋದರು. ಮೊನ್ನೆ ಫೋನು ಮಾಡಿದ್ದರು. ಹಿರಿಯೂರಿನ ಹೊಲದ ಮಾತು ಅರ್ಧಕ್ಕೆ ನಿಲ್ಲಿಸಿ ದನಿ ತಗ್ಗಿಸಿದರು.

"ಮನೇಲಿ ಯಾರೂ ಒಪ್ತಿಲ್ಲ ಕಣಮ್ಮ."

"ನಮ್ಮನೇಲೂ ಯಾರೂ ಒಪ್ಪಿರ್ಲಿಲ್ಲ ಸಾವ್ಕಾರ್ರೆ," ಎಂದೆ.